ಕಥೆಯ ಕೆಟ್ಟವನಿಗೂ ಅರ್ಥ ಹೇಳಿಸಿ: ಖಳ ಪಾತ್ರ ಕಟ್ಟುವ ಹಂತಗಳು

ಶಿರಸಿಯಲ್ಲಿ ತಿಂಗಳಿಗೊಮ್ಮೆ ನಾವು ಏಳೆಂಟು ಜನ ಕೂತು ಒಬ್ಬರ ಕಥೆ ಒಬ್ಬರು ಕೇಳುತ್ತೇವೆ. ಹೊಸದಾಗಿ ಬರೆಯುವವರೇ ಜಾಸ್ತಿ. ಈಚೆಗೆ ಒಂದೇ ತಪ್ಪು ಮತ್ತೆ ಮತ್ತೆ ಕಾಣಿಸುತ್ತಿದೆ. ಕೆಟ್ಟವನು ಹದಿನಾಲ್ಕು ಪುಟ ಶುದ್ಧ ರಾಕ್ಷಸ. ಹದಿನೈದನೇ ಪುಟದಲ್ಲಿ, ಅವನು ಸಣ್ಣವನಿದ್ದಾಗ ಅಪ್ಪ ಹೊಡೆಯುತ್ತಿದ್ದ ಅಂತ ಗೊತ್ತಾಗುತ್ತದೆ. ಓದಿ ಮುಗಿಸಿದವರು ತಲೆ ಎತ್ತಿ, 'ಈಗ ಪಾತ್ರಕ್ಕೆ ಎರಡು ಮುಖ ಬಂತು ಅಲ್ವಾ?' ಅಂತ ಕೇಳುತ್ತಾರೆ. ಬಂದಿಲ್ಲ. ರಾಕ್ಷಸನ ಹಣೆಗೆ ಒಂದು ಬ್ಯಾಂಡೇಜ್ ಅಂಟಿಸಿದ ಹಾಗಾಗಿದೆ ಅಷ್ಟೆ.

ಅಡಿಕೆ ತೋಟಕ್ಕೆ ಕೊಳೆ ಔಷಧಿ, ಅಂದರೆ ಮಳೆಗಾಲದಲ್ಲಿ ಕಾಯಿ ಕೊಳೆತು ಉದುರದ ಹಾಗೆ ಹೊಡೆಯುವ ದ್ರಾವಣ, ಮಾಡುವವರಿಗೆ ಗೊತ್ತು. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಸುಣ್ಣದ ನೀರಿಗೆ ತುತ್ತದ ನೀರು ಹೊಯ್ಯಬೇಕು. ಉಲ್ಟಾ ಮಾಡಿದರೆ ಸಾಮಾನು ಅದೇ, ಆದರೆ ದ್ರಾವಣ ಸರಿ ಕೂಡುವುದಿಲ್ಲ. ನಮ್ಮ ಬರಹಗಾರರ ಹತ್ತಿರವೂ ಸಾಮಾನೆಲ್ಲ ಇದೆ. ಹೊಯ್ಯುವ ಕ್ರಮ ತಪ್ಪುತ್ತಿದೆ. ಹಾಗಾಗಿ ಇಲ್ಲಿರುವ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

## ಬೇಕಾಗುವ ಸಾಮಾನು

ಒಂದು ನೋಟ್‌ಬುಕ್. ಕಥೆ ನಡೆಯುವ ವರ್ಷದ ಕ್ಯಾಲೆಂಡರ್. ಮಳೆಗಾಲ, ಕೊಯ್ಲು, ಜಾತ್ರೆ ಯಾವಾಗ ಬರುತ್ತದೆ ಅಂತ ನೋಡಲಿಕ್ಕೆ. ನಿಮ್ಮ ಜೊತೆ ಜಗಳ ಆಡಬಲ್ಲ ಒಬ್ಬ ಓದುಗ. ಹೊಗಳುವ ಗೆಳೆಯ ಈ ಕೆಲಸಕ್ಕೆ ಆಗುವುದಿಲ್ಲ.

ಇನ್ನೊಂದು, ಒಂದು ರಾತ್ರಿಯ ತಾಳಮದ್ದಳೆ, ಅಂದರೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ. ಹೊನ್ನಾವರ, ಕುಮಟಾ, ಶಿರಸಿ, ಸಿದ್ದಾಪುರ ಕಡೆ ಇರುವವರಿಗೆ ಇದು ಕಷ್ಟವಲ್ಲ. ಯಾಕೆ ಬೇಕು ಅಂತ ನಾಲ್ಕನೇ ಹಂತದಲ್ಲಿ ಹೇಳುತ್ತೇನೆ.

ಉದಾಹರಣೆಗೆ ಒಬ್ಬನನ್ನು ಇಲ್ಲೇ ಕಟ್ಟುತ್ತಾ ಹೋಗೋಣ. ಹೆಸರು ಸುಬ್ರಾಯ. ಪೂರಾ ಕಲ್ಪನೆಯವನು. ಶಿರಸಿ ಹತ್ತಿರದ ಒಂದು ಹಳ್ಳಿ. ಅವನ ಸೋದರಮಾವ ತೀರಿಕೊಂಡ ಮೇಲೆ ಅತ್ತೆಯ ತೋಟವನ್ನು ಹನ್ನೆರಡು ವರ್ಷದಿಂದ ಇವನೇ ನೋಡಿಕೊಳ್ಳುತ್ತಿದ್ದಾನೆ. ಅತ್ತೆಯ ಮಗ, ಅಂದರೆ ಸುಬ್ರಾಯನ ಭಾವ, ಬೆಂಗಳೂರಿನಲ್ಲಿದ್ದಾನೆ.

## ಹಂತ 1: ಹಾನಿಯನ್ನು ಮೊದಲು ಬರೆಯಿರಿ

ಬಹಳ ಜನ ಖಳನ ಬಾಲ್ಯದಿಂದ ಶುರು ಮಾಡುತ್ತಾರೆ. ಬೇಡ. ಅವನು ಮಾಡಿದ ಕೇಡು ಏನು ಅನ್ನುವುದು ಮೊದಲು ಕಾಗದದ ಮೇಲೆ ಬರಲಿ. ಯಾರಿಗೆ, ಏನು, ಯಾವ ದಿನ. ಈ ಮೂರಕ್ಕೂ ಉತ್ತರ ಬೇಕು.

'ಸುಬ್ರಾಯ ಅತ್ತೆಗೆ ಮೋಸ ಮಾಡಿದ' ಅಂದರೆ ಸಾಲದು. ಹೀಗೆ ಬರೆಯಿರಿ: ಸೊಸೈಟಿಯ ಬೆಳೆಸಾಲದ ಕಾಗದ ಅಂತ ಹೇಳಿ ಅತ್ತೆಯನ್ನು ನೋಂದಣಿ ಕಚೇರಿಗೆ ಕರೆದುಕೊಂಡು ಹೋದ. ದಾನಪತ್ರಕ್ಕೆ ಸಹಿ ಹಾಕಿಸಿದ. ಎರಡು ಎಕರೆ ತೋಟ ಅವನ ಹೆಸರಿಗೆ ಬಂತು. ಮುಂದಿನ ವರ್ಷ ಅತ್ತೆ ಸೊಸೈಟಿಗೆ ಹೋದಾಗ ಗುಮಾಸ್ತ ಪಹಣಿ ನೋಡಿ, 'ಅಮ್ಮಾ, ಇದ್ರಲ್ಲಿ ನಿಮ್ಮ ಹೆಸರೇ ಇಲ್ವಲ್ಲ' ಅಂದ.

ಎಚ್ಚರಿಕೆಯ ಗುರುತು: ನಿಮ್ಮ ಸಾಲಿನಲ್ಲಿ 'ಊರಿಗೆಲ್ಲ ಕಾಟ ಕೊಡುತ್ತಿದ್ದ', 'ದರ್ಪ ತೋರಿಸುತ್ತಿದ್ದ' ಅಂತ ಇದ್ದರೆ ಅಲ್ಲಿ ಇನ್ನೂ ಹಾನಿ ಹುಟ್ಟಿಲ್ಲ. ದರ್ಪದಿಂದ ಯಾರಿಗೂ ಪಹಣಿ ಹೋಗುವುದಿಲ್ಲ.

ಈ ಪುಟವನ್ನು ಹರಿಯಬೇಡಿ. ಮುಂದೆ ನಿಮಗೇ ಅವನ ಮೇಲೆ ಮರುಕ ಬರುತ್ತದೆ. ಆಗ ಇದನ್ನು ತೆಗೆದು ಓದಬೇಕು.

## ಹಂತ 2: ಅವನಿಗೆ ಒಂದು ಕೆಲಸ ಕೊಡಿ

ನನ್ನದೇ ಕಥೆ ಹೇಳುತ್ತೇನೆ. ಮೊದಲ ವರ್ಷಗಳಲ್ಲಿ ಒಬ್ಬ ಅಡಿಕೆ ವಖಾರಿ (ಅಡಿಕೆ ಕೊಳ್ಳುವ ಮಂಡಿ) ಮಾಲೀಕನನ್ನು ಬರೆದಿದ್ದೆ. ಬಾಯಿ ತುಂಬ ಎಲೆ ಅಡಿಕೆಯ ಕವಳ, ಐದು ಬೆರಳಿಗೆ ಉಂಗುರ, ಇಡೀ ದಿನ ರೈತರನ್ನು ಬೈಯುವುದು. ಮನೆಗೆ ಬಂದ ಹಿರಿಯರೊಬ್ಬರಿಗೆ ಓದಿ ಹೇಳಿದೆ. ಅವರು ಅಡಿಕೆ ಕತ್ತರಿಸುತ್ತಾ ಕೇಳಿದ್ದು ಒಂದೇ ಮಾತು: 'ಎಂತದೋ ಮಾಣಿ, ಇವಂಗೆ ಬೇರೆ ಕೆಲ್ಸ ಇಲ್ಯ?'

ನಿಜ. ಅವನು ಒಂದು ಸಲವೂ ಅಡಿಕೆ ಮುಟ್ಟಿರಲಿಲ್ಲ. ಕೆಂಪಡಿಕೆ ಯಾವುದು, ಚಾಲಿ ಯಾವುದು ಅಂತ ನೋಡಿರಲಿಲ್ಲ. ಲೆಕ್ಕ ಬರೆದಿರಲಿಲ್ಲ. ಕೆಟ್ಟವನಾಗಿರುವುದೇ ಅವನ ಉದ್ಯೋಗವಾಗಿತ್ತು.

ಸುಬ್ರಾಯನಿಗೆ ಕೆಲಸ ಇದೆ, ಅದರಲ್ಲಿ ಅವನು ಜಾಣ. ಮಳೆಗಾಲಕ್ಕೆ ಮೊದಲೇ ಮರ ಹತ್ತುವ ಕೊನೆಗೌಡನಿಗೆ ಮುಂಗಡ ಕೊಟ್ಟು ಕಟ್ಟಿಹಾಕುತ್ತಾನೆ, ಇಲ್ಲದಿದ್ದರೆ ಅವನು ಬೇರೆ ತೋಟ ಹತ್ತುತ್ತಾನೆ. ಮಳೆ ಸ್ವಲ್ಪ ಹೊಳವಾದ ಕೂಡಲೇ ಔಷಧಿ ಕೂಡಿಸುತ್ತಾನೆ. ಉದುರಿದ ಕಾಯಿಯನ್ನು ಎತ್ತಿ ನೋಡಿ ಕೊಳೆ ಶುರುವಾಗಿದೆಯೋ ಇಲ್ಲವೋ ಹೇಳುತ್ತಾನೆ. ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವವನೂ ಇವನೇ. ಇದನ್ನೆಲ್ಲ ತೋರಿಸಲಿಕ್ಕೆ ಅರ್ಧ ಪುಟ ಸಾಕು. ಆದರೆ ಅದು ಕೇಡಿನ ಮೊದಲೇ ಬರಬೇಕು. ಓದುಗ ಅವನ ಕೈಕೆಲಸ ನೋಡಿ ಮೆಚ್ಚಿದ ಮೇಲೆ ಅದೇ ಕೈ ಅತ್ತೆಯ ಮುಂದೆ ಕಾಗದ ಸರಿಸಬೇಕು.

## ಹಂತ 3: ಏನು ಬೇಕು ಅಂತ ಒಂದು ಸಾಲಿನಲ್ಲಿ

ಅಧಿಕಾರ, ಸೇಡು, ಹಣ ಅಂತ ಬರೆದರೆ ಹೊಡೆದು ಹಾಕಿ. ನಿಮಗೂ ನನಗೂ ಬೇಕಾಗುವಂಥದ್ದು ಇರಲಿ. ಸುಬ್ರಾಯನಿಗೆ ಬೇಕಾಗಿರುವುದು ಇಷ್ಟು: 'ಇದು ಯಾರ ತೋಟ?' ಅಂತ ದಾರಿಹೋಕರು ಕೇಳಿದಾಗ 'ನಮ್ಮದು' ಅನ್ನಬೇಕು. ಹನ್ನೆರಡು ವರ್ಷದಿಂದ 'ಅತ್ತೆಯದು' ಅಂತಿದ್ದಾನೆ.

## ಹಂತ 4: ಅರ್ಥ ಹೇಳಿಸಿ

ಇದಕ್ಕೇ ಜಾಸ್ತಿ ಸಮಯ ಕೊಡಿ. ಎರಡು ದಿನ ಹಿಡಿದರೂ ಪರವಾಗಿಲ್ಲ.

ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಪಂಚೆ ಶಲ್ಯದಲ್ಲಿ ಕೂತು ಪಾತ್ರವಾಗಿ ಮಾತಾಡುತ್ತಾರೆ. ಆ ಮಾತಿಗೇ ಅರ್ಥ ಅನ್ನುವುದು, ಅದು ಆಗಲೇ ಹುಟ್ಟುವುದು. ಕೌರವನ ಅರ್ಥ ಬಂದವರು ಕೌರವನ ಪರವಾಗಿಯೇ ವಾದಿಸಬೇಕು. 'ನಾನು ಕೆಟ್ಟವನು' ಅಂತ ಒಪ್ಪಿಕೊಂಡು ಕೂತರೆ ಎದುರಿನವರಿಗೆ ಮಾತೇ ಇಲ್ಲ, ರಾತ್ರಿ ಹತ್ತಕ್ಕೇ ಮಂಗಳ ಹಾಡಬೇಕಾಗುತ್ತದೆ.

ವಾಲಿಯ ಪ್ರಸಂಗ ಕೇಳಿ. ವಾಲಿ ಬಾಣ ತಿಂದು ಬಿದ್ದಿದ್ದಾನೆ. ರಾಮನನ್ನು ಕೇಳುತ್ತಾನೆ: ನಿನಗೆ ನಾನೇನು ಮಾಡಿದ್ದೆ? ನಿನ್ನ ಊರಿಗೆ ಬಂದಿದ್ದೆನಾ? ಎದುರು ನಿಂತು ಯಾಕೆ ಹೊಡೆಯಲಿಲ್ಲ, ಮರದ ಮರೆಯಿಂದ ಯಾಕೆ? ಇದಕ್ಕೆ ಉತ್ತರ ಕೊಡುವುದು ರಾಮನ ಅರ್ಥ ಹೇಳುವವರಿಗೆ ನಿಜವಾಗಿಯೂ ಕಷ್ಟ. ಆದರೆ ಅದೇ ವಾಲಿ ತಮ್ಮನನ್ನು ಓಡಿಸಿ ಅವನ ಹೆಂಡತಿ ರುಮೆಯನ್ನು ಇಟ್ಟುಕೊಂಡವನು. ಅವನ ದೂರೂ ನಿಜ, ಅವನ ಅಪರಾಧವೂ ನಿಜ. ಒಳ್ಳೆಯ ಅರ್ಥಧಾರಿ ಎರಡರಲ್ಲಿ ಒಂದನ್ನೂ ಬಿಡುವುದಿಲ್ಲ. ಗುಹೆಯೊಳಗೆ ತಾನು ಹೋರಾಡುತ್ತಿದ್ದಾಗ ತಮ್ಮ ಸುಗ್ರೀವ ಬಾಗಿಲಿಗೆ ಬಂಡೆ ಮುಚ್ಚಿ ಹೋದ ಅನ್ನುವ ನೋವಿನಿಂದ ಶುರು ಮಾಡಿ, ರುಮೆಯ ಮಾತು ಬಂದಾಗ ಸಿಕ್ಕಿಬೀಳುತ್ತಾನೆ. ಸಭೆ ಆ ಜಾಗಕ್ಕೇ ಕಾಯುತ್ತಿರುತ್ತದೆ.

ಈಗ ನೀವು ಮಾಡಬೇಕಾದ್ದು. ನೋಟ್‌ಬುಕ್ಕಿನ ಎಡಪುಟದಲ್ಲಿ ನಿಮ್ಮ ಖಳ 'ನಾನು' ಅಂತ ಮಾತಾಡಲಿ. ಬಲಪುಟದಲ್ಲಿ ಎದುರು ಅರ್ಥ.

ಸುಬ್ರಾಯನ ಎಡಪುಟ ಹೀಗೆ ಬಂತು: 'ಮಾವ ತೀರಿಕೊಂಡಾಗ ತೋಟದಲ್ಲಿ ಅರ್ಧ ಮರ ಕೊಳೆಯಲ್ಲಿ ಬೋಳಾಗಿದ್ದವು. ಭಾವ ಹದಿಮೂರನೇ ದಿನ ಊಟ ಮಾಡಿ ರಾತ್ರಿ ಬಸ್ಸು ಹತ್ತಿದ. ಆಮೇಲೆ ಬಂದದ್ದು ನಾಲ್ಕು ಸಲ. ಉಳುವವನೇ ಒಡೆಯ ಅಂತ 1974ರಲ್ಲೇ ಕಾನೂನು ಬಂದಿದೆ. ನಾನು ಹನ್ನೆರಡು ವರ್ಷ ದುಡಿದಿದ್ದೇನೆ. ಅತ್ತೆ ಹೋದ ಮರುದಿನ ಭಾವ ಇದನ್ನು ರೆಸಾರ್ಟಿನವರಿಗೆ ಮಾರುತ್ತಾನೆ. ನಾನು ತೋಟ ಕದ್ದಿಲ್ಲ. ತೋಟ ಉಳಿಸಿದೆ.'

ಬಲಪುಟದಲ್ಲಿ ಮೊದಲು ಭಾವನನ್ನು ತಂದೆ. ಅವನು ಸೋತ. ಬಾರದೇ ಇದ್ದವನು ಏನು ಹೇಳುತ್ತಾನೆ? ಕಾನೂನಿನ ಮಾತಿಗೆ ಮಾತ್ರ ಅವನ ಹತ್ತಿರ ಉತ್ತರ ಇತ್ತು: 'ಆ ಕಾನೂನು 1974ಕ್ಕೆ ಮೊದಲೇ ಗೇಣಿಗೆ ಮಾಡುತ್ತಿದ್ದವರಿಗೆ ಬಂದದ್ದು. ನೀನು ತೋಟಕ್ಕೆ ಬಂದದ್ದು ಹನ್ನೆರಡು ವರ್ಷದ ಹಿಂದೆ.' ಸರಿಯಾದ ಉತ್ತರವೇ. ಆದರೆ ಸುಬ್ರಾಯ ಅದಕ್ಕೆಲ್ಲ ಜಗ್ಗುವವನಲ್ಲ.

ಆಮೇಲೆ ಅತ್ತೆಯನ್ನು ತಂದೆ. ಅವಳು ವಾದ ಮಾಡಲಿಲ್ಲ. 'ಕೇಳಿದ್ರೆ ಕೊಡ್ತಿದ್ನಲ್ಲೋ ಮಾಣಿ' ಅಂದಳು.

ಎಡಪುಟದಲ್ಲಿ ಇದಕ್ಕೆ ಉತ್ತರ ಬರೆಯಲು ಒಂದು ಸಂಜೆ ಕೂತೆ. ಬರಲಿಲ್ಲ. ಹಾಗೆ ಪೆನ್ನು ನಿಲ್ಲುವ ಜಾಗ ಸಿಕ್ಕಿತು ಅಂದರೆ ಈ ಹಂತ ಮುಗಿಯಿತು.

ಎಚ್ಚರಿಕೆಯ ಗುರುತು: ಎಡಪುಟ ಓದುವಾಗ ನಿಮಗೆ ಸ್ವಲ್ಪವೂ ಹೌದೌದು ಅನ್ನಿಸದಿದ್ದರೆ ನೀವು ಅವನ ಬಾಯಲ್ಲಿ ನಿಮ್ಮ ಸಿಟ್ಟನ್ನೇ ತುಂಬಿದ್ದೀರಿ. ಬಲಪುಟ ಖಾಲಿ ಉಳಿದರೆ ನೀವೇ ಅವನ ವಕೀಲರಾಗಿಬಿಟ್ಟಿದ್ದೀರಿ.

## ಹಂತ 5: ಕವಲು ತೋರಿಸಿ

ಬೇರೆ ದಾರಿ ಇರಲಿಲ್ಲ ಅನ್ನುವ ಖಳನ ಮೇಲೆ ಮರುಕ ಮಾತ್ರ ಬರುತ್ತದೆ. ಅಂಥವನ ತಪ್ಪಿನ ಬಗ್ಗೆ ಮಾತಾಡಲಿಕ್ಕೇ ಆಗುವುದಿಲ್ಲ. ಹಾಗಾಗಿ ಇನ್ನೊಂದು ದಾರಿ ಅವನ ಕಣ್ಣಿಗೆ ಬಿದ್ದ ದೃಶ್ಯ ಒಂದು ಬೇಕೇ ಬೇಕು. ಅದು ಕೇಡಿಗಿಂತ ಮೊದಲು, ಆದಷ್ಟು ಹತ್ತಿರ ಬರಲಿ. ದೊಡ್ಡ ದೃಶ್ಯ ಮಾಡಬೇಡಿ.

ನಾಲ್ಕನೇ ಹಂತದಲ್ಲಿ ಸಿಕ್ಕಿದ ಅತ್ತೆಯ ಮಾತೇ ಇಲ್ಲಿ ದಾರಿ ತೋರಿಸುತ್ತದೆ. ಅವನು ಕೇಳಬಹುದಿತ್ತು. ಯಾವಾಗ? ಕಚೇರಿಗೆ ಹೋಗುವ ಹಿಂದಿನ ಸಂಜೆ ಇಡಿ. ಅತ್ತೆ ಜಗುಲಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದಾಳೆ. ಸಿಪ್ಪೆಯ ರಾಶಿ ಒಂದು ಕಡೆ, ಬುಟ್ಟಿ ಒಂದು ಕಡೆ. ಕೈ ನಿಲ್ಲಿಸದೆ, 'ನಂತರ ಈ ತೋಟದ ಕಥೆ ಏನೋ' ಅನ್ನುತ್ತಾಳೆ. ಸುಬ್ರಾಯ ಕಂಬಕ್ಕೆ ಒರಗಿ ಕೂತಿದ್ದಾನೆ. ಬಾಯಿ ತೆರೆಯುತ್ತಾನೆ. ಬುಟ್ಟಿಯಿಂದ ಒಂದು ಅಡಿಕೆ ಎತ್ತಿಕೊಂಡು ತಿರುಗಿಸಿ ನೋಡುತ್ತಾನೆ. 'ಅತ್ತೆ, ಚಹಾ ಇನ್ನೊಂದು ಲೋಟ ಇದ್ಯಾ?'

ಇಷ್ಟೇ. 'ಅವನ ಮನಸ್ಸು ಹೊಯ್ದಾಡಿತು' ಅಂತ ಕೆಳಗೆ ಒಂದು ಸಾಲು ಬರೆಯುವ ಚಪಲ ಬರುತ್ತದೆ. ಬರೆಯಬೇಡಿ.

ಮರುದಿನದ ಕಚೇರಿ ದೃಶ್ಯವನ್ನು ಇನ್ನೂ ಸಪ್ಪೆಯಾಗಿ ಬರೆಯಿರಿ. ಕ್ಯಾಮೆರಾ ನೋಡಿ ಅಂತಾರೆ, ಅತ್ತೆ ಸೆರಗು ಸರಿಮಾಡಿಕೊಂಡು ನೋಡುತ್ತಾಳೆ. ಹೆಬ್ಬೆಟ್ಟು ಇಡಿ ಅಂತಾರೆ, ಸುಬ್ರಾಯ ಅವಳ ಕೈ ಹಿಡಿದು ಇಡಿಸುತ್ತಾನೆ. ಕೈ ಹಿಡಿಯುವ ರೀತಿ ಆಸ್ಪತ್ರೆಯಲ್ಲಿ ಹಿಡಿದ ಹಾಗೇ ಇರಲಿ.

## ಹಂತ 6: ಲಾಭ ಯಾರಿಗೆಲ್ಲ ಹೋಗುತ್ತದೆ ಅಂತ ಪಟ್ಟಿ ಮಾಡಿ

ಒಬ್ಬನೇ ಕೇಡು ಮಾಡಿ ಒಬ್ಬನೇ ಉಣ್ಣುವುದು ಕಡಿಮೆ. ಇದನ್ನು ತೋರಿಸಲಿಕ್ಕೆ ಸುಬ್ರಾಯನಿಗಿಂತ ಕರಾವಳಿಯ ಒಬ್ಬ ಬೋಟ್ ಮಾಲೀಕ ಒಳ್ಳೆಯದು.

ಕಾರವಾರದ ಬೈತಖೋಲ ಬಂದರು. ಮೀನಿನ ಹಿಂಡನ್ನು ಸುತ್ತುಗಟ್ಟುವ ದೊಡ್ಡ ಬಲೆಯ ಪರ್ಸೀನ್ ಬೋಟಿನ ಮಾಲೀಕ. ಸಣ್ಣವನಿದ್ದಾಗ ದಡದಿಂದ ಕೈಯಲ್ಲೇ ಎಳೆಯುವ ರಾಂಪಣಿ ಬಲೆ ಎಳೆಯಲು ಊರೆಲ್ಲ ಸೇರುತ್ತಿದ್ದ ದಡದಲ್ಲಿ ಅಪ್ಪನ ಜೊತೆ ಹಗ್ಗ ಹಿಡಿದವನು. ಈಗ ಅವನ ಬೋಟಿನಲ್ಲಿ ಜನರೇಟರ್ ಇದೆ, ಪ್ರಖರ ಎಲ್‌ಇಡಿ ದೀಪಗಳಿವೆ. ರಾತ್ರಿ ಬೆಳಕು ಬಿಟ್ಟರೆ ಮೀನು ತಾನೇ ಬಂದು ಸೇರುತ್ತದೆ, ಸುತ್ತ ಬಲೆ ಎಳೆದರಾಯಿತು. ಬೆಳಕಿನ ಮೀನುಗಾರಿಕೆಯನ್ನು ಕೇಂದ್ರ ಸರಕಾರ 2017ರಲ್ಲಿ ನಿಷೇಧಿಸಿದೆ. ಅವನಿಗೆ ಗೊತ್ತು. ದಡದ ನಾಡದೋಣಿಯವರ ಬಲೆಗೆ ಬಂಗಡೆ ಬರುತ್ತಿಲ್ಲ. ಅದೂ ಗೊತ್ತು.

ಈಗ ಪಟ್ಟಿ. ಬೋಟು ನಡೆಸುವ ತಾಂಡೇಲ. ಇಪ್ಪತ್ತಕ್ಕೂ ಹೆಚ್ಚು ಖಲಾಸಿಗಳು. ಐಸ್ ಕೊಡುವವನು. ಬೆಳಿಗ್ಗೆ ಬಂದರಿನಲ್ಲಿ ಬುಟ್ಟಿ ಹಿಡಿದು ಕಾಯುವ ಹೆಂಗಸರು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಅವನ ಮುಂಗಡದಲ್ಲೇ ಅಕ್ಕಿ ತರುವ ಮನೆಗಳಿವೆ.

ಇಲ್ಲಿಗೆ ನಿಲ್ಲಿಸಿದರೆ ಮಾಲೀಕ ಧರ್ಮರಾಯನ ಹಾಗೆ ಕಾಣುತ್ತಾನೆ. ಹಾಗಾಗಿ ಒಂದು ಹೆಜ್ಜೆ ಮುಂದೆ ಹೋಗಿ: ಪಟ್ಟಿಯಲ್ಲಿ ನಾಯಕನ ಮನೆಯವರು ಯಾರು? ನಾಡದೋಣಿಯವರ ಪರ ಅರ್ಜಿ ಬರೆಯುವ ಹುಡುಗನ ಅಣ್ಣನೇ ಆ ಬೋಟಿನಲ್ಲಿ ಖಲಾಸಿ ಆಗಿರಲಿ. ಅರ್ಜಿ ಬರೆದ ಪೆನ್ನು, ಕಾಲೇಜಿನ ಫೀ, ಆ ರಾತ್ರಿಯ ಊಟ ಬೋಟಿನ ಪಾಲಿನಿಂದ ಬಂದದ್ದು. ಅರ್ಜಿ ಗೆದ್ದರೆ ಅಣ್ಣನಿಗೆ ಕೆಲಸ ಇಲ್ಲ. ಈಗ ಹುಡುಗ ಮಾಲೀಕನ ಎದುರು ನಿಂತಾಗ ಮಾಲೀಕ ಗದರುವ ಅಗತ್ಯವೇ ಇಲ್ಲ. 'ಅಣ್ಣ ಹುಷಾರಿದ್ದಾನಾ?' ಅಂದರೆ ಸಾಕು. ಒಳ್ಳೆಯ ಮಾತು ಅದು, ಬೆದರಿಕೆಯೂ ಹೌದು. ಯಾವುದು ಅಂತ ಅವನಿಗೇ ಸರಿಯಾಗಿ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು.

ಪಟ್ಟಿಯ ಇನ್ನೊಂದು ಬದಿಯನ್ನು ಮರೆಯಬೇಡಿ. ನಷ್ಟ ಆದವರಿಗೂ ಅಷ್ಟೇ ಜಾಗ ಕೊಡಿ. ಖಾಲಿ ಬಲೆ ಒದರಿ ಮನೆಗೆ ಬರುವ ಒಬ್ಬನನ್ನಾದರೂ ಹತ್ತಿರದಿಂದ ತೋರಿಸಿ. ನಮ್ಮ ಕೂಟದ ಕಥೆಗಳಲ್ಲಿ ಖಳನನ್ನು ಅರ್ಥ ಮಾಡಿಕೊಳ್ಳುವ ಉತ್ಸಾಹದಲ್ಲಿ ಮೊದಲು ಮಾಯವಾಗುವವರು ಇವರೇ.

## ಹಂತ 7: ಬಾಲ್ಯ, ಹಿನ್ನೆಲೆ ಇತ್ಯಾದಿ

ಮೂರು ವಾಕ್ಯ, ಅಷ್ಟೇ. ಕೊನೆಯ ಪುಟದಲ್ಲಿ ಬೇಡ. ಅವನ ಬಾಯಿಂದಲೂ ಬೇಡ. ಬೋಟ್ ಮಾಲೀಕನ ಅಂಗೈಯಲ್ಲಿ ಹಗ್ಗದ ಹಳೇ ಗುರುತು ಇದೆ, ಹುಡುಗನ ಅಪ್ಪನ ಅಂಗೈಯಲ್ಲೂ ಅಂಥದ್ದೇ ಇದೆ. ಇಷ್ಟು ಸಾಕು. ಓದುಗ ಉಳಿದದ್ದನ್ನು ಕಟ್ಟಿಕೊಳ್ಳುತ್ತಾನೆ.

## ಹಂತ 8: ಚೆಂದಕ್ಕೆ ಮರುಳಾಗಬೇಡಿ

ಯಕ್ಷಗಾನದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು ಕಂಡವರಿಗೆ ಗೊತ್ತು. ರಂಗಕ್ಕೆ ಬಂದರೆ ಕಣ್ಣು ತೆಗೆಯಲಿಕ್ಕೆ ಆಗುತ್ತಿರಲಿಲ್ಲ. ಆ ಸೊಗಸು ಕೀಚಕನಿಗೆ ಬೇಕು, ಇಲ್ಲದಿದ್ದರೆ ಸೈರಂಧ್ರಿಯ ಭಯ ನಮಗೆ ತಾಗುವುದಿಲ್ಲ. ಆದರೆ ರಂಗದ ಮೇಲೆ ಸೈರಂಧ್ರಿಯೂ ಇರುತ್ತಾಳೆ, ಕಣ್ಣಿಗೆ ಕಾಣುತ್ತಿರುತ್ತಾಳೆ. ಪುಟದ ಮೇಲೆ ಆ ಅನುಕೂಲ ಇಲ್ಲ. ಖಳ ಚೆಂದದ ಮಾತಾಡುತ್ತಾ ಹೋದ ಹಾಗೆ ಎದುರಿಗೆ ನಿಂತವಳು ಅಳಿಸಿಹೋಗುತ್ತಾಳೆ.

ಗುರುತು ಹಿಡಿಯುವುದು ಹೇಗೆ? ಕಥೆಯ ಒಳ್ಳೊಳ್ಳೆ ವಾಕ್ಯಗಳಿಗೆಲ್ಲ ಗೆರೆ ಹಾಕಿ. ಎಲ್ಲವೂ ಖಳನವೇ ಆಗಿದ್ದರೆ ಎರಡನ್ನಾದರೂ ಕಿತ್ತು ಬೇರೆಯವರಿಗೆ ಕೊಡಿ. ನಾಯಿಗೆ ಬಿಸ್ಕತ್ತು ಹಾಕುವುದು, ಹಳೇ ಹಾಡು ಗುನುಗುವುದು, ಇಂಥ ಅಲಂಕಾರ ಇದ್ದರೆ ತೆಗೆಯಿರಿ. ಒಳ್ಳೆಯ ಗುಣ ಇರಲಿ, ಆದರೆ ಅದರಿಂದ ಅವನಿಗೆ ಏನಾದರೂ ಖರ್ಚಾಗಬೇಕು. ಬಿಸ್ಕತ್ತಿಗೆ ಬರೀ ಐದು ರೂಪಾಯಿ, ಅದು ಖರ್ಚಲ್ಲ.

## ಹಂತ 9: ಗುರುತು ಮರೆಸಿ

ಕಥೆ ಕಲಿಸುವವರು ಇದನ್ನು ಹೇಳುವುದು ಕಡಿಮೆ. ನಮ್ಮಂಥ ಸಣ್ಣ ಊರುಗಳಲ್ಲಿ ಇದು ಬೇಕೇ ಬೇಕು. ಒಮ್ಮೆ ನನ್ನ ಕಥೆಯಲ್ಲಿ ಒಬ್ಬರು ತಮ್ಮನ್ನು ಗುರುತಿಸಿಕೊಂಡರು. ನಾನು ಹೆಸರು ಬದಲಿಸಿದ್ದೆ, ಸ್ಕೂಟರಿನ ಬಣ್ಣ ಬದಲಿಸಿರಲಿಲ್ಲ. ಎರಡು ವರ್ಷ ಮದುವೆ ಮನೆಗಳಲ್ಲಿ ಬೇರೆ ಪಂಕ್ತಿಯಲ್ಲಿ ಕೂತೆ.

ಹೆಸರು ಬದಲಿಸುವುದು ಕೊನೆಯ ಕೆಲಸ. ಮೊದಲು ಕಸುಬು, ನಂಟು, ಊರು, ವಯಸ್ಸು ಬದಲಿಸಿ. ನಿಜವಾಗಿ ನಡೆದ ವ್ಯವಹಾರವನ್ನು ಹಾಗೇ ಎತ್ತಿಡಬೇಡಿ. ಹಾಗೆ ಬದಲಿಸಿದಾಗ ಪಾತ್ರವೂ ಸುಧಾರಿಸುತ್ತದೆ, ಯಾಕೆಂದರೆ ಹಳೇ ಸಿಟ್ಟು ಅವನಿಗೆ ಅಂಟುವುದಿಲ್ಲ.

## ಹಂತ 10: ಕೊನೆಯಲ್ಲಿ ಅವನನ್ನು ಏನು ಮಾಡುವುದು

ಬಸ್ಸಿನಡಿ ಹಾಕಬೇಡಿ. ಹೊಳೆಗೆ ತಳ್ಳಬೇಡಿ. ಪಶ್ಚಾತ್ತಾಪದ ಕಣ್ಣೀರು ಇನ್ನೂ ಕೆಟ್ಟದ್ದು. ಹಂತ 3ರಲ್ಲಿ ಅವನಿಗೆ ಬೇಕಾದದ್ದನ್ನು ಕೊಟ್ಟು ನೋಡಿ. ಸುಬ್ರಾಯನಿಗೆ ತೋಟ ಸಿಕ್ಕಿತು. ಮುಂದಿನ ಮಳೆಗಾಲ ದಾರಿಹೋಕನೊಬ್ಬ ಬೇಲಿಬಾಗಿಲ ದಣಪೆಯ ಹತ್ತಿರ ನಿಂತು 'ಯಾರ ತೋಟ ಇದು?' ಅಂತ ಕೇಳಲಿ. ಅತ್ತೆ ಜಗುಲಿಯಲ್ಲಿ ಕೇಳಿಸುವಷ್ಟು ಹತ್ತಿರ ಕೂತಿರಲಿ. ಅವನ ಉತ್ತರ ಏನು ಅಂತ ನೀವು ಬರೆಯಿರಿ. ನಾನು ಮೂರು ಸಲ ಬದಲಿಸಿದ್ದೇನೆ.

## ಹಂತ 11: ಕತ್ತಿ ಅದ್ದಿ ನೋಡಿ

ಕೊಳೆ ಔಷಧಿ ಕೂಡಿಸಿದ ಮೇಲೆ ಕಬ್ಬಿಣದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕಂಡರೆ ಸುಣ್ಣ ಸಾಲದು ಅಂತ ಅರ್ಥ. ಕಥೆಗೂ ಹಾಗೊಂದು ಪರೀಕ್ಷೆ ಇದೆ. ಜಗಳ ಆಡುವ ಆ ಓದುಗನಿಗೆ ಕಥೆ ಕೊಟ್ಟು ಒಂದೇ ಪ್ರಶ್ನೆ ಕೇಳಿ: 'ಅವನ ಜಾಗದಲ್ಲಿ ನೀವಿದ್ದಿದ್ದರೆ?'

'ನಾನಾ? ಛೆ, ಸಾಧ್ಯವೇ ಇಲ್ಲ' ಅಂತ ತಟ್ಟನೆ ಅಂದರೆ ಎಡಪುಟ ಸೋತಿದೆ, ಹಂತ 4ಕ್ಕೆ ವಾಪಸ್. 'ಪಾಪ, ಅವನದ್ದೇನು ತಪ್ಪು' ಅಂದರೆ ಹಂತ 1ರ ಪುಟ ತೆಗೆದು ಓದಿ, ಪಹಣಿಯ ದೃಶ್ಯ ಇನ್ನೂ ಉದ್ದ ಆಗಬೇಕು. ಸುಬ್ರಾಯನ ಕಥೆಯನ್ನು ನಮ್ಮ ಕೂಟದಲ್ಲಿ ಓದಿದಾಗ ಒಬ್ಬರು ಎರಡೂ ಹೇಳಲಿಲ್ಲ. ಛತ್ರಿ ತಗೊಂಡು ಹೊರಟರು. ರಾತ್ರಿ ಒಂಬತ್ತೂವರೆಗೆ ಫೋನ್ ಮಾಡಿ, 'ಅಲ್ಲ, ದಾನಪತ್ರ ಒಮ್ಮೆ ಆದ್ರೆ ರದ್ದು ಮಾಡ್ಲಿಕ್ಕೆ ಬರ್ತದಾ?' ಅಂತ ಕೇಳಿದರು. ವಕೀಲರನ್ನು ಕೇಳಿ ಅಂದೆ. ಯಾರ ಪರವಾಗಿ ಕೇಳುತ್ತಿದ್ದಾರೆ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.